ಕಾವಿಗೆ ಕೂತ ಹೆಬ್ಬಾವು



ಸಿರುಗುಪ್ಪದ ಕಾಲುವೆ ಬದಿಯ ಪೊದೆಯಲ್ಲಾಗಲಿ, ಕುರುಗೋಡಿನ ಗುಡ್ಡದ ಬಂಡೆ ಸಂದಿಯಲ್ಲಾಗಲಿ, ಬೇಸಿಗೆಯಲ್ಲಿ ಹೆಬ್ಬಾವೊಂದು ಸುರುಳಿ ಸುತ್ತಿ ದಿನಗಟ್ಟಲೆ ಕದಲದೆ ಇದ್ದರೆ, ಏನನ್ನೋ ನುಂಗಿ ಬಿದ್ದಿದೆಯೆಂದು ಕೋಲು ಹಾಕಬೇಡಿರಿ. ಅದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿರಬಹುದು.

ಹೆಚ್ಚಿನ ಹಾವುಗಳು ಮೊಟ್ಟೆಯಿಟ್ಟು ಹೊರಟುಹೋಗುವುವು. ಹೆಬ್ಬಾವು ಹಾಗಲ್ಲ. ಹೊತ್ತು ತಂಪಾದಾಗ ತಾಯಿಯು ತನ್ನ ಸ್ನಾಯುಗಳನ್ನು ಬಿಟ್ಟು ಬಿಟ್ಟು ನಡುಗಿಸಿ ಶಾಖ ಹುಟ್ಟಿಸುತ್ತದೆ. 1841ರಲ್ಲಿಯೇ ಪ್ಯಾರಿಸ್ ನಗರದಲ್ಲಿ, ಕಾವಿಗೆ ಕೂತ ಹೆಬ್ಬಾವಿನ ಈ ಶಾಖವನ್ನು ಉಷ್ಣಮಾಪಕದಿಂದ ಅಳೆದಿದ್ದಾರೆ. ಕಾವು ಸುಮಾರು ಎರಡು ತಿಂಗಳು; ಅಷ್ಟು ದಿನವೂ ಬಹುಮಟ್ಟಿಗೆ ಉಪವಾಸ. ನಮ್ಮ ಕಾವಿನ ಕೋಳಿಯಾದರೂ ನಡುವೆ ಎದ್ದು ಕಾಳು ತಿಂದು ಬರುತ್ತದೆ!

ಮೊಟ್ಟೆ ತಂದು ಕೋಳಿಯ ಕೆಳಗಿಟ್ಟು ನೋಡೋಣವೆನ್ನುವವರೂ ಇರಬಹುದು. ಕೂಡದು. ಕೋಳಿ ಮೊಟ್ಟೆಯನ್ನು ಆಗಾಗ ಹೊರಳಿಸುತ್ತದೆ. ಹೆಬ್ಬಾವಿನ ಮೊಟ್ಟೆ ಹೊರಳಿದರೆ ಒಳಗಿನ ಮರಿ ಸಾಯಬಹುದು. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹೆಬ್ಬಾವನ್ನು ಹಿಡಿಯುವುದೂ ಸಾಕುವುದೂ ಕೊಲ್ಲುವುದೂ ಅಪರಾಧ; ಹಿಡಿದವರಿಗೆ, ಕೊಂದವರಿಗೆ ಕನಿಷ್ಠ 3 ವರ್ಷ ಸೆರೆವಾಸ.

ಹೆಬ್ಬಾವಿಗೆ ವಿಷವಿಲ್ಲ, ಆದರೆ ಕಚ್ಚಿದರೆ ಆಳವಾದ ಗಾಯವಾಗುತ್ತದೆ. ಮಕ್ಕಳನ್ನೂ ನಾಯಿ, ಕುರಿಮರಿಗಳನ್ನೂ ಅತ್ತ ಬಿಡಬೇಡಿರಿ. ಬದುವಿನ ಪೊದೆ ಕಡಿಯುವುದು, ಬೆಂಕಿ ಹಚ್ಚುವುದು ಇದ್ದರೆ ಮರಿಗಳು ಹೊರಡುವವರೆಗೆ ತಡೆಯಿರಿ. ಮನೆಗೋ ಕಣಕ್ಕೋ ತೀರ ಹತ್ತಿರವಿದ್ದರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಮರಿಗಳು ಮೊಟ್ಟೆಯೊಡೆದ ಮೇಲೆ ತಾಯಿ ತಾನಾಗಿ ಜಾಗ ಬಿಡುತ್ತದೆ. ಮರಿಗಳೂ ಚದುರಿ ಹೋಗಿ, ಬೆಳೆಯುತ್ತ ಬಂದಂತೆ ಭತ್ತದ ಗದ್ದೆಯ ಇಲಿಗಳನ್ನು ಹಿಡಿಯತೊಡಗುವುವು.