ಬಾಡಿಗೆ ಮನೆಯ ನಷ್ಟ: ರಿಟರ್ನ್ ತುಂಬುವ ಮೊದಲು ತಿಳಿದಿರಲಿ

ಬಾಡಿಗೆ ಬರುವುದು ತಿಂಗಳಿಗೆ 18 ಸಾವಿರ, ಬ್ಯಾಂಕಿಗೆ ಕಟ್ಟುವ ಕಂತು 49 ಸಾವಿರ. ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಟ್ಟ ಅನೇಕರ ಲೆಕ್ಕ ಹೀಗೇ ಇರುತ್ತದೆ. ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಆದಾಯ ತೆರಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆ ಲಾಭ ಸಿಗುವುದು ನೀವು ಆಯ್ದುಕೊಳ್ಳುವ ತೆರಿಗೆ ಪದ್ಧತಿ ಮತ್ತು ರಿಟರ್ನ್ ಸಲ್ಲಿಸುವ ದಿನಾಂಕ, ಇವೆರಡರ ಮೇಲೆ.

ಲೆಕ್ಕ ಹೇಗೆ?

ವರ್ಷದ ಬಾಡಿಗೆ 2,16,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಮಾಲೀಕರು ಆ ವರ್ಷ ಕಟ್ಟಿದ ಮನೆ ಕಂದಾಯ 6,000 ಕಳೆದರೆ ಉಳಿಯುವುದು 2,10,000. ರಿಪೇರಿ ಮುಂತಾದ ಖರ್ಚಿನ ಬಾಬ್ತು ಇದರ ಶೇ 30, ಅಂದರೆ 63,000 ಕಳೆಯಬಹುದು. ಉಳಿದದ್ದು 1,47,000. ಸುಣ್ಣಬಣ್ಣ, ನಲ್ಲಿ ರಿಪೇರಿಯ ಬಿಲ್ಲುಗಳು ಈ ಶೇ 30ರಲ್ಲೇ ಸೇರಿದವು. ಅವನ್ನು ಬೇರೆಯಾಗಿ ತೋರಿಸುವಂತಿಲ್ಲ.

ಕೊನೆಗೆ ಸೆಕ್ಷನ್ 24(ಬಿ) ಪ್ರಕಾರ ಸಾಲದ ಬಡ್ಡಿ. ಬಾಡಿಗೆಗೆ ಕೊಟ್ಟ ಮನೆಯಾದರೆ ಇದಕ್ಕೆ ಮಿತಿಯಿಲ್ಲ. ಕಂತಿನಲ್ಲಿರುವ ಅಸಲು ಮಾತ್ರ ಇಲ್ಲಿ ಬರುವುದಿಲ್ಲ. ವರ್ಷದ ಬಡ್ಡಿ 4,87,000 ಆಗಿದ್ದರೆ ನಷ್ಟ 3,40,000.

ಎಷ್ಟು ಕಳೆಯಬಹುದು?

ಹಳೆಯ ಪದ್ಧತಿಯಲ್ಲಿ ಈ ನಷ್ಟದ ಪೈಕಿ ವರ್ಷಕ್ಕೆ ಹೆಚ್ಚೆಂದರೆ 2 ಲಕ್ಷವನ್ನು ಸಂಬಳ ಮುಂತಾದ ಆದಾಯದಲ್ಲಿ ಕಳೆಯಬಹುದು. 2017ರ ಹಣಕಾಸು ಕಾಯ್ದೆ ಹಾಕಿದ ಮಿತಿ ಇದು. ಶೇ 30ರ ಸ್ತರದಲ್ಲಿರುವವರಿಗೆ ಸೆಸ್ ಸೇರಿ 62,400 ರೂಪಾಯಿ ತೆರಿಗೆ ಉಳಿಯುತ್ತದೆ. ಮಿಕ್ಕ 1,40,000 ಅನ್ನು ಮುಂದಿನ ಎಂಟು ತೆರಿಗೆ ನಿರ್ಧಾರಣಾ ವರ್ಷಗಳವರೆಗೆ ಒಯ್ಯಬಹುದು. ಆಗ ಅದನ್ನು ಮನೆ ಆಸ್ತಿಯ ಆದಾಯದಲ್ಲಿ ಮಾತ್ರ ಕಳೆಯಬೇಕು.

ಗಂಡ ಹೆಂಡತಿ ಜಂಟಿ ಮಾಲೀಕರಾಗಿದ್ದು ಇಬ್ಬರೂ ಸಾಲ ತೀರಿಸುತ್ತಿದ್ದರೆ, ಪಾಲಿನ ಪ್ರಕಾರ ನಷ್ಟ ಹಂಚಿಕೆಯಾಗುತ್ತದೆ. 2 ಲಕ್ಷದ ಮಿತಿ ಪ್ರತಿಯೊಬ್ಬರಿಗೂ ಪ್ರತ್ಯೇಕ.

ಹೊಸ ಪದ್ಧತಿಯಲ್ಲಿ?

ಇಲ್ಲಿಯೂ ಬಾಡಿಗೆ ಆದಾಯದಲ್ಲಿ ಬಡ್ಡಿ ಕಳೆಯಬಹುದು. ಆದರೆ ನಷ್ಟ ಉಳಿದರೆ ಅದನ್ನು ಸಂಬಳದಲ್ಲಾಗಲಿ, ಬೇರೆ ಬಾಬಿನ ಆದಾಯದಲ್ಲಾಗಲಿ ಕಳೆಯುವಂತಿಲ್ಲ. ನೀವೇನೂ ಹೇಳದಿದ್ದರೆ ಅನ್ವಯವಾಗುವುದು ಹೊಸ ಪದ್ಧತಿಯೇ.

ಸಂಬಳದಾರರು ಪ್ರತಿ ವರ್ಷ ರಿಟರ್ನ್‌ನಲ್ಲಿಯೇ ಹಳೆಯದನ್ನು ಆಯ್ದುಕೊಳ್ಳಬಹುದು. ಆದರೆ ಗಡುವಿನೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ 31ರೊಳಗೆ, ಸಲ್ಲಿಸಿದರೆ ಮಾತ್ರ. ತಡವಾದರೆ ದಂಡ ಕಟ್ಟಿ ರಿಟರ್ನ್ ಸಲ್ಲಿಸಬಹುದೇ ಹೊರತು ಹಳೆಯ ಪದ್ಧತಿ ಸಿಗದು. ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವರು ಗಡುವಿನೊಳಗೆ ನಮೂನೆ 10-ಐಇಎ ಕೂಡ ಸಲ್ಲಿಸಬೇಕು.

ಬಾಡಿಗೆದಾರ ಹಣ ಕೊಡದಿದ್ದರೆ?

ಬರದ ಬಾಡಿಗೆಯನ್ನೂ ಲೆಕ್ಕದಿಂದ ಬಿಡಬಹುದು, ಷರತ್ತುಗಳಿವೆ. ಬಾಡಿಗೆ ಕರಾರು ನಿಜವಾದದ್ದಾಗಿರಬೇಕು. ಆತ ಮನೆ ಖಾಲಿ ಮಾಡಿರಬೇಕು, ಇಲ್ಲವೇ ಖಾಲಿ ಮಾಡಿಸಲು ನೀವು ಕ್ರಮ ಕೈಗೊಂಡಿರಬೇಕು. ನಿಮ್ಮ ಇನ್ನೊಂದು ಮನೆಯಲ್ಲಿ ಆತ ಇರಬಾರದು. ವಸೂಲಿಗೆ ಕಾನೂನು ಪ್ರಯತ್ನ ನಡೆದಿರಬೇಕು ಅಥವಾ ಅದು ವ್ಯರ್ಥವೆಂದು ಅಧಿಕಾರಿಗೆ ಮನದಟ್ಟಾಗಬೇಕು.

ಸಲ್ಲಿಸುವಾಗ

ನಷ್ಟವನ್ನು ಮುಂದಕ್ಕೆ ಒಯ್ಯುವವರಿಗೆ ಐಟಿಆರ್-1 ಆಗದು; ಸಂಬಳದಾರರು ಐಟಿಆರ್-2 ಬಳಸಬೇಕು. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಕಂದಾಯದ ರಸೀದಿ, ಬಾಡಿಗೆ ಕರಾರು ಕೈಗೆ ಸಿಗುವಂತಿರಲಿ. ಸಾಲದ ಖಾತೆ ಸಂಖ್ಯೆ ಮುಂತಾದ ವಿವರಗಳನ್ನೂ ಫಾರಂ ಕೇಳುತ್ತದೆ. ಹೊಸ ಪದ್ಧತಿಯ ಸ್ತರಗಳಲ್ಲಿ ದರ ಕಡಿಮೆ ಇರುವುದರಿಂದ, ನಷ್ಟ ಕಳೆದ ಮೇಲೂ ಕೆಲವರಿಗೆ ಹಳೆಯದೇ ದುಬಾರಿಯಾಗಬಹುದು. ಜುಲೈಗೆ ಮೊದಲೇ ಎರಡೂ ರೀತಿಯಲ್ಲಿ ತೆರಿಗೆ ಲೆಕ್ಕ ಹಾಕಿ, ಕಡಿಮೆ ಬಂದದ್ದನ್ನು ಆಯ್ದುಕೊಳ್ಳಿ.