ನಾಯಕನ ನಡೆ, ವೈಮಾನಿಕನ ಎಚ್ಚರ

ಧರ್ಮಪುರಿಯಿಂದ ಸೇಲಂ ನಗರಕ್ಕೆ ಹೋಗುವಾಗ ತೊಪ್ಪೂರು ಘಟ್ಟದ ಇಳಿಜಾರನ್ನು ಕಾಣದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಡೀಸೆಲ್ ಉಳಿಸುವ ಆಸೆಯಿಂದ ಕೆಲವು ಚಾಲಕರು ಅಲ್ಲಿ ಲಾರಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಬ್ರೇಕು ಹಿಡಿಯದೆ ಅಪಘಾತಕ್ಕೀಡಾಗುವುದುಂಟು. ತಪ್ಪು ಚಾಲಕನದು ನಿಜ, ಆದರೆ "ಎಣ್ಣೆ ಎಷ್ಟು ಉಳಿಯಿತು?" ಎಂಬುದೊಂದನ್ನೇ ಕೇಳುವ ಯಜಮಾನನಿಗೆ ಅದರಲ್ಲಿ ಪಾಲಿಲ್ಲವೆ?

ಯುದ್ಧವಿಮಾನಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಸೈನ್ಯದಲ್ಲಿ ಮೇಲಿನವರ ಮಾತನ್ನು ಮೀರುವಂತಿಲ್ಲ. ಸಾಹಸಕ್ಕೇ ಅಲ್ಲಿ ಕೀರ್ತಿ. ತಪ್ಪೊಪ್ಪಿಕೊಂಡ ತರುಣನನ್ನು ದಳದ ನಾಯಕನು ಎಲ್ಲರೆದುರು ಹಳಿದನೆನ್ನಿ; ಮರುದಿನ ಇಂಜಿನ್ನಿನಲ್ಲಿ ಅಪಸ್ವರ ಕೇಳಿದವನು ಬಾಯಿ ಬಿಡಲು ಹಿಂಜರಿಯುವನು. "ಇಳಿಯುವಾಗ ಇಂದು ನಾನೇ ವೇಗವನ್ನು ತಪ್ಪಾಗಿ ಅಳೆದೆ" ಎಂದು ನಾಯಕನೇ ಮೊದಲು ನುಡಿದರೆ ಉಳಿದವರ ನಾಲಗೆಯೂ ಸಡಿಲುವುದು. ಹಾರಾಟವಾದ ಮೇಲೆ ಎಲ್ಲರೂ ಕುಳಿತು ನಡೆದುದನ್ನು ವಿಮರ್ಶಿಸುವ ಪದ್ಧತಿ ವಾಯುಸೇನೆಗಳಲ್ಲಿದೆ. ಅದು ಫಲಿಸುವುದೂ ಬರಿಯ ಶಾಸ್ತ್ರವಾಗುವುದೂ ನಾಯಕನ ಕೈಯಲ್ಲಿದೆ. ಹಾಗೆಂದು ಸೌಮ್ಯತೆಯು ಸಡಿಲತನವಲ್ಲ. ಕೈತಪ್ಪಿ ಆದ ದೋಷ ಬೇರೆ, ತಿಳಿದೂ ತಿಳಿದೂ ನಿಯಮ ಮುರಿಯುವುದು ಬೇರೆ; ಎರಡನೆಯದನ್ನು ಕ್ಷಮಿಸುವ ನಾಯಕನೂ ಅಪಾಯಕಾರಿಯೇ. (ಅಂಕಪಟ್ಟಿಯನ್ನು ಮನೆಯಲ್ಲಿ ಬಚ್ಚಿಡುವ ಬಾಲಕರ ತಂದೆತಾಯಿಗಳು ಈ ಭೇದವನ್ನು ಚೆನ್ನಾಗಿ ಬಲ್ಲರು.)

ಹೊಸೂರಿನಾಚೆ ಬೆಂಗಳೂರಿನಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನವಿದೆ. ತೇಜಸ್ ಯುದ್ಧವಿಮಾನದ ಮೊದಲ ಮಾದರಿಯನ್ನು 1995ರ ನವೆಂಬರಿನಲ್ಲಿ ಹೊರಗೆ ತೋರಿಸಿದರು. ಅದು ನೆಲ ಬಿಟ್ಟೆದ್ದುದು 2001ರ ಜನವರಿ 4ರಂದು. 1998ರ ಅಣುಪರೀಕ್ಷೆಯ ತರುವಾಯ ಅಮೆರಿಕದ ನೆರವು ನಿಂತುದು ವಿಳಂಬಕ್ಕೆ ಒಂದು ಕಾರಣ. ಇನ್ನೊಂದು, ಆ ವಿಮಾನದ ಸ್ವಭಾವ: ಗಣಕಯಂತ್ರವು ಕ್ಷಣಕ್ಷಣವೂ ತಿದ್ದದಿದ್ದರೆ ಅದು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲದು. ಪರೀಕ್ಷಾ ಹಾರಾಟಗಳ ಹೊಣೆ ಹೊತ್ತಿದ್ದ ಏರ್ ಮಾರ್ಷಲ್ ಫಿಲಿಪ್ ರಾಜಕುಮಾರ್ ಅವರು ತಾವೇ ಪರೀಕ್ಷಾ ವೈಮಾನಿಕರಾಗಿದ್ದವರು. ತಡವಾಯಿತೆಂಬ ಮೂದಲಿಕೆಯ ನಡುವೆಯೂ ನೆಲದ ಮೇಲಿನ ಪರೀಕ್ಷೆಗಳು ಮುಗಿಯುವ ತನಕ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲರನ್ನು ಮೇಲಕ್ಕೆ ಕಳುಹಲಿಲ್ಲ. ಇಂಥ ಹಾರಾಟಗಳಲ್ಲಿ ವಿಮಾನದಿಂದ ರೇಡಿಯೋ ಮೂಲಕ ಬರುವ ಅಂಕಿಗಳನ್ನು ಎಂಜಿನಿಯರುಗಳು ನೆಲದ ಕೋಣೆಯೊಂದರಲ್ಲಿ ಕುಳಿತು ನೋಡುತ್ತಿರುತ್ತಾರೆ. ಅವರಲ್ಲಿ ಕಿರಿಯನೊಬ್ಬನು "ನಿಲ್ಲಿಸಿ" ಎನ್ನಬಲ್ಲನೆ, ಎಂದರೆ ಹಿರಿಯರು ಕಿವಿಗೊಡುವರೆ ಎಂಬುದೇ ಅಲ್ಲಿನ ನಿಜವಾದ ಪರೀಕ್ಷೆ.

ಅಂದಿನಿಂದ ಇಪ್ಪತ್ತಮೂರು ವರ್ಷ ಒಂದು ತೇಜಸ್ ವಿಮಾನವೂ ಬೀಳಲಿಲ್ಲ. ಇದು ಒಬ್ಬರ ನಾಯಕತ್ವದ ಫಲವೆಂದು ನಾವು ಹೇಳುವುದಿಲ್ಲ. 2024ರ ಮಾರ್ಚ್ 12ರಂದು ಜೈಸಲ್ಮೇರಿನ ಬಳಿ ಒಂದು ಬಿದ್ದಿತು. ಚಾಲಕರು ಪ್ಯಾರಾಚೂಟಿನಿಂದ ಪಾರಾದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಮತ್ತೊಂದು ಬಿದ್ದಾಗ ಚಾಲಕರು ಉಳಿಯಲಿಲ್ಲ. ಎರಡು ಸಲವೂ ವಾಯುಸೇನೆಯು ವಿಚಾರಣೆಗೆ ಆಜ್ಞಾಪಿಸಿತು.