ಸಮತಟ್ಟು ತಾರಸಿಯ ವಿನ್ಯಾಸ ಮತ್ತು ಕಟ್ಟಡದ ಇಂಗಾಲ ಹೊರೆ: ಗ್ರಾಮ ಪಂಚಾಯತ್ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ: ಪಂಚಾಯತ್ ವ್ಯಾಪ್ತಿಯ ಸಾರ್ವಜನಿಕ ಕಟ್ಟಡಗಳ ತಾರಸಿಯಿಂದ ಎಷ್ಟು ಇಂಗಾಲ ಹೊರಸೂಸಲ್ಪಡುತ್ತದೆ, ಅದನ್ನು ಯಾವ ಹಂತದಲ್ಲಿ, ಯಾವ ಕ್ರಮಗಳಿಂದ ತಗ್ಗಿಸಬಹುದು ಎಂಬುದನ್ನು ಸದಸ್ಯರು ತಿಳಿದುಕೊಂಡು, ಅಂದಾಜು ಪಟ್ಟಿಯ ಮೇಲಿನ ಚರ್ಚೆಯಲ್ಲಿ ಅರ್ಥಪೂರ್ಣವಾಗಿ ಭಾಗವಹಿಸುವಂತೆ ಮಾಡುವುದು.

1. ಪೀಠಿಕೆ

ಅಂಗನವಾಡಿ ಕೇಂದ್ರ, ಶಾಲಾ ಕೊಠಡಿ, ಗ್ರಂಥಾಲಯ, ಸಮುದಾಯ ಭವನ, ಪಂಚಾಯತ್ ಕಚೇರಿ ಇವುಗಳಲ್ಲಿ ಬಹುಪಾಲು ಕಟ್ಟಡಗಳಿಗೆ ಇಂದು ಸಮತಟ್ಟಾದ ಆರ್‌ಸಿಸಿ ತಾರಸಿಯನ್ನೇ ಹಾಕಲಾಗುತ್ತಿದೆ. ಇಂತಹ ಕಾಮಗಾರಿಗಳು ಸಭೆಯ ಮುಂದೆ ಬಂದಾಗ ನಿವೇಶನ, ಅನುದಾನ ಮತ್ತು ಕಾಲಮಿತಿಗಳ ಬಗ್ಗೆ ವಿಸ್ತೃತ ಚರ್ಚೆ ನಡೆಯುತ್ತದೆ. ತಾರಸಿಯ ಬಗ್ಗೆ ಚರ್ಚೆ ಆರಂಭವಾಗುವುದು ಸಾಮಾನ್ಯವಾಗಿ ಅದು ಸೋರಲು ತೊಡಗಿದ ಮೇಲೆ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣ ಎರಡೂ ವ್ಯಯವಾಗಿರುತ್ತವೆ. ತಿದ್ದುವ ಅವಕಾಶ ಅಲ್ಪವಾಗಿರುತ್ತದೆ.

ಸಮತಟ್ಟು ಛಾವಣಿ ಈ ನಾಡಿಗೆ ಹೊಸದಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿಗಳ ಮೇಲೆ ದಪ್ಪನೆಯ ಮಣ್ಣಿನ ಪದರವನ್ನು ಹಾಸಿ, ಮಳೆಗಾಲಕ್ಕೆ ಮುನ್ನ ಕರಲು ಮಣ್ಣು ಹರಡಿ, ನೀರು ಹರಿಯುವ ದಿಕ್ಕನ್ನು ಸರಿಪಡಿಸುತ್ತಿದ್ದರು. ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತಿತ್ತು. ವಾರ್ಷಿಕ ದುರಸ್ತಿ ಛಾವಣಿಯ ಆಯುಷ್ಯವನ್ನು ಕಾಯುತ್ತಿತ್ತು. ಆರ್‌ಸಿಸಿ ತಾರಸಿ ಬಂದ ಮೇಲೆ ಛಾವಣಿ ಬಲವಾಯಿತು, ಹೆಚ್ಚು ಅಗಲದ ಕೋಣೆಗಳು ಸಾಧ್ಯವಾದವು. ಆದರೆ ಬಿಸಿಲಿಗೆ ತಡೆ ಮತ್ತು ವರ್ಷಕ್ಕೊಮ್ಮೆ ಗಮನ ಎಂಬ ಎರಡು ಗುಣಗಳು ಬಹುತೇಕ ಕೈಬಿಟ್ಟುಹೋದವು.

2. ಇಂಗಾಲದ ಹೊರೆಯ ಎರಡು ಭಾಗಗಳು

ಕಟ್ಟಡವೊಂದರ ಇಂಗಾಲದ ಹೊರೆಯನ್ನು ಎರಡಾಗಿ ವಿಂಗಡಿಸಬಹುದು. ಕಟ್ಟುವ ಸಾಮಗ್ರಿಗಳನ್ನು ತಯಾರಿಸಿ ಸಾಗಿಸುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮೊದಲನೆಯದು. ಇದನ್ನು ಅಂತರ್ಗತ ಇಂಗಾಲ ಎನ್ನುತ್ತಾರೆ. ಕಟ್ಟಡ ಬಳಕೆಗೆ ಬಂದ ನಂತರ ದೀಪ, ಫ್ಯಾನು, ಹವಾನಿಯಂತ್ರಣ ಮುಂತಾದವುಗಳ ವಿದ್ಯುತ್ತಿನಿಂದ ಉಂಟಾಗುವುದು ಎರಡನೆಯದು. ಇದು ಬಳಕೆಯ ಇಂಗಾಲ. ತಾರಸಿಯ ವಿನ್ಯಾಸ ಈ ಎರಡನ್ನೂ ನಿರ್ಧರಿಸುತ್ತದೆ.

ಸಿಮೆಂಟಿನ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಸಿಮೆಂಟಿನ ಮೂಲವಸ್ತು ಸುಣ್ಣದಕಲ್ಲು. ಶುದ್ಧವಾದ 100 ಕೆ.ಜಿ. ಸುಣ್ಣದಕಲ್ಲನ್ನು ಸುಟ್ಟಾಗ 56 ಕೆ.ಜಿ. ಸುಣ್ಣ ದೊರೆತು, ಉಳಿದ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಇದು ಕಲ್ಲಿನಿಂದಲೇ ಹೊರಬರುವ ಅನಿಲ. ಗೂಡಿನಲ್ಲಿ ಉರಿಸುವ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೆಚ್ಚುವರಿ. ಆದುದರಿಂದ ಇಂಧನ ಬದಲಾಯಿಸಿದರೂ ಸಿಮೆಂಟಿನ ಹೊರೆ ಪೂರ್ಣವಾಗಿ ಇಳಿಯುವುದಿಲ್ಲ. ಸಿಮೆಂಟನ್ನು ಕಡಿಮೆ ಬಳಸುವುದು, ಬಳಸಿದ್ದನ್ನು ದೀರ್ಘಕಾಲ ಬಾಳಿಸುವುದು ಇವೇ ಗ್ರಾಮ ಮಟ್ಟದಲ್ಲಿ ಕೈಗೆಟುಕುವ ಮಾರ್ಗಗಳು.

3. ಒಂದು ತಾರಸಿಯ ಲೆಕ್ಕ

ಉದಾಹರಣೆಗೆ 100 ಚದರ ಮೀಟರ್ (ಸುಮಾರು 1,076 ಚದರ ಅಡಿ) ವಿಸ್ತೀರ್ಣದ, 125 ಮಿ.ಮೀ. (ಐದು ಇಂಚು) ದಪ್ಪದ ತಾರಸಿಯನ್ನು ತೆಗೆದುಕೊಳ್ಳೋಣ.

ಅ) ಕಾಂಕ್ರೀಟಿನ ಪ್ರಮಾಣ: 12.5 ಘನ ಮೀಟರ್.
ಆ) ಎಂ-20 ದರ್ಜೆಯ 1:1.5:3 ಮಿಶ್ರಣಕ್ಕೆ ಪ್ರತಿ ಘನ ಮೀಟರಿಗೆ ಸುಮಾರು 8 ಚೀಲದಂತೆ 100 ಚೀಲ, ಅಂದರೆ 5 ಟನ್ ಸಿಮೆಂಟ್. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪ್ರತಿ ಟನ್ನಿಗೆ ಸುಮಾರು 0.85 ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 4.25 ಟನ್.
ಇ) ಕಬ್ಬಿಣದ ಸರಳು ಸುಮಾರು 1 ಟನ್, ಇದರ ಹೊರೆ 2 ಟನ್ನಿಗೂ ತುಸು ಹೆಚ್ಚು.

ಹೀಗೆ ಜಲ್ಲಿ, ಮರಳು ಮತ್ತು ಸಾಗಾಣಿಕೆಯನ್ನು ಬಿಟ್ಟರೂ ಒಂದು ಸಾಧಾರಣ ತಾರಸಿಯ ಅಂತರ್ಗತ ಇಂಗಾಲ ಸುಮಾರು 6.5 ಟನ್ ಆಗುತ್ತದೆ. ಈ ತಾರಸಿ 50 ವರ್ಷ ಬಾಳಿದರೆ ವರ್ಷಕ್ಕೆ 130 ಕೆ.ಜಿ. ಹೊರೆ, 25 ವರ್ಷಕ್ಕೇ ಕೆಡವಬೇಕಾಗಿ ಬಂದರೆ ವರ್ಷಕ್ಕೆ 260 ಕೆ.ಜಿ. ಅಲ್ಲದೆ ಹೊಸ ತಾರಸಿಗಾಗಿ ಮತ್ತೆ 100 ಚೀಲ ಸಿಮೆಂಟು, ಮತ್ತೊಮ್ಮೆ ಅನುದಾನ. ತಾರಸಿಯ ಬಾಳಿಕೆಯನ್ನು ಹೆಚ್ಚಿಸುವುದೇ ಇಂಗಾಲ ಉಳಿತಾಯದ ಮೊದಲ ಮತ್ತು ಅತಿ ಅಗ್ಗದ ಕ್ರಮ ಎಂಬುದು ಈ ಲೆಕ್ಕದ ಸಾರ.

4. ಸಿಮೆಂಟಿನ ಬಳಕೆಯನ್ನು ತಗ್ಗಿಸುವ ಕ್ರಮಗಳು

4.1 ಅನಗತ್ಯ ದಪ್ಪ ಬೇಡ. ಕೋಣೆಯ ಕಿರಿದಾದ ಬದಿಯ ಅಳತೆಯೇ ಮುಖ್ಯವಾಗಿ ತಾರಸಿಯ ದಪ್ಪವನ್ನು ನಿರ್ಧರಿಸುತ್ತದೆ. ನಕ್ಷೆಯ ಹಂತದಲ್ಲಿಯೇ ಕೋಣೆಯ ಅಗಲವನ್ನು ಹಿತಮಿತವಾಗಿ ಇರಿಸಿದರೆ ಅಥವಾ ಸೂಕ್ತ ಸ್ಥಳದಲ್ಲಿ ತೊಲೆ ಕೊಟ್ಟರೆ ತಾರಸಿ ತೆಳುವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಒಂದೇ ಒಂದು ಇಂಚು ದಪ್ಪ ಹೆಚ್ಚಿದರೆ 20 ಚೀಲ ಸಿಮೆಂಟು ಹೆಚ್ಚು ಬೇಕಾಗುತ್ತದೆ. ಆದರೆ ದಪ್ಪವನ್ನಾಗಲಿ ಸರಳನ್ನಾಗಲಿ ಸ್ಥಳದಲ್ಲಿ ಯಾರೂ ತಮ್ಮಷ್ಟಕ್ಕೆ ಕಡಿತಗೊಳಿಸಬಾರದು. ಅದು ಅಭಿಯಂತರರ ವಿನ್ಯಾಸಕ್ಕೆ ಸೇರಿದ ವಿಷಯ.

4.2 ಮಿಶ್ರ ಸಿಮೆಂಟ್. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿನಲ್ಲಿ ಭಾರತೀಯ ಮಾನಕದ ಪ್ರಕಾರ ಶೇ. 15ರಿಂದ 35ರವರೆಗೆ ಬೂದಿ ಇರುತ್ತದೆ. ಉಕ್ಕಿನ ಕಾರ್ಖಾನೆಯ ಊದುಕುಲುಮೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟು ಇನ್ನೊಂದು ಬಗೆ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಬೂದಿಯೂ ತೋರಣಗಲ್ಲಿನ ಉಕ್ಕು ಉದ್ಯಮದಿಂದ ಕಿಟ್ಟವೂ ಹೇರಳವಾಗಿ ಹೊರಬರುತ್ತಿರುವುದರಿಂದ ಇವು ಈ ಭಾಗಕ್ಕೆ ಅಪರಿಚಿತವಲ್ಲ. ಶೇ. 30ರಷ್ಟು ಬೂದಿ ಇರುವ ಸಿಮೆಂಟನ್ನು ಬಳಸಿದರೆ ಮೇಲಿನ ತಾರಸಿಯಲ್ಲಿ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಮಿಶ್ರ ಸಿಮೆಂಟು ಬಲ ಪಡೆಯುವುದು ಸ್ವಲ್ಪ ನಿಧಾನ. ಆದ್ದರಿಂದ ನೀರುಣಿಸುವ ಅವಧಿ, ಅಂದರೆ ಕ್ಯೂರಿಂಗ್, ಕನಿಷ್ಠ 10 ದಿನ, ಬಿಸಿ ಮತ್ತು ಒಣ ಹವೆಯಲ್ಲಿ 14 ದಿನ ಇರತಕ್ಕದ್ದು. ಬೇಸಿಗೆಯಲ್ಲಿ ನೀರಿಲ್ಲವೆಂದು ನಾಲ್ಕೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸಿದರೆ ಉಳಿತಾಯದ ಉದ್ದೇಶವೇ ವಿಫಲವಾಗುತ್ತದೆ.

4.3 ಫಿಲ್ಲರ್ ತಾರಸಿ. ತಾರಸಿಯ ಮೇಲೆ ಭಾರ ಬಿದ್ದಾಗ ಕೋಣೆಯ ನಡುಭಾಗದಲ್ಲಿ ಅದರ ಮೇಲ್ಪದರ ಒತ್ತಲ್ಪಡುತ್ತದೆ, ಕೆಳಪದರ ಎಳೆಯಲ್ಪಡುತ್ತದೆ. ಒತ್ತಡವನ್ನು ತಾಳುವುದು ಕಾಂಕ್ರೀಟು. ಎಳೆತವನ್ನು ತಾಳುವುದು ಸರಳು. ಹಾಗಾಗಿ ಕೆಳಪದರದಲ್ಲಿ ಸರಳುಗಳ ನಡುವಿನ ಕಾಂಕ್ರೀಟಿನ ಒಂದು ಭಾಗವನ್ನು ತೆಗೆದು, ಅಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಇರಿಸಬಹುದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಈ ವಿಧಾನವನ್ನು ವ್ಯಾಪಕವಾಗಿ ಬಳಕೆಗೆ ತಂದರು. ಕಾಂಕ್ರೀಟಿನಲ್ಲಿ ಸುಮಾರು ಐದನೆಯ ಒಂದು ಭಾಗ ಉಳಿದರೂ ಉದಾಹರಣೆಯ ತಾರಸಿಯಲ್ಲಿ 20 ಚೀಲ ಸಿಮೆಂಟು ಉಳಿಯುತ್ತದೆ. ಹೆಂಚುಗಳ ನಡುವಿನ ಗಾಳಿ ಶಾಖವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಹಳೆಯ ಶಾಲೆಗಳ ಛಾವಣಿಯಿಂದ ಇಳಿಸಿದ ಗಟ್ಟಿ ಹೆಂಚುಗಳನ್ನು ಇದಕ್ಕೆ ಬಳಸಬಹುದು. ಹೆಂಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿರಬೇಕು. ಇಲ್ಲವಾದರೆ ಅವು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತವೆ. ಗೋಡೆ ಮತ್ತು ತೊಲೆಗಳ ಪಕ್ಕದಲ್ಲಿ, ಹೊರಚಾಚಿದ ಸಜ್ಜಾದಲ್ಲಿ ಹೆಂಚು ಇಡಬಾರದು. ಅನುಭವಿ ಮೇಸ್ತ್ರಿ ಹಾಗೂ ಅಭಿಯಂತರರ ಮೇಲುಸ್ತುವಾರಿ ಇಲ್ಲದೆಡೆ ಈ ವಿಧಾನವನ್ನು ಕೈಗೊಳ್ಳದಿರುವುದು ಕ್ಷೇಮ.

5. ತಾರಸಿಯ ಆಯುಷ್ಯ: ನೀರು ನಿಲ್ಲದಂತೆ ನೋಡಿಕೊಳ್ಳುವುದು

ತಾರಸಿಯ ಮುಖ್ಯ ಶತ್ರು ನಿಂತ ನೀರು. ಕೂದಲೆಳೆಯಂತಹ ಬಿರುಕಿನ ಮೂಲಕ ನೀರು ಸರಳನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಆಕ್ರಮಿಸುವುದರಿಂದ ಒಳಗಿನಿಂದಲೇ ಕಾಂಕ್ರೀಟು ಸಿಡಿದು ಚಕ್ಕೆಯಾಗಿ ಉದುರುತ್ತದೆ. ಅಂಗನವಾಡಿಯಲ್ಲಿ ಆ ಚಕ್ಕೆ ಬೀಳುವುದು ನೆಲದ ಮೇಲೆ ಕುಳಿತ ಮಕ್ಕಳ ತಲೆಯ ಮೇಲೆ. ಆದ್ದರಿಂದ ಕೆಳಗಿನ ಅಂಶಗಳು ಕಡ್ಡಾಯವೆಂದು ಭಾವಿಸತಕ್ಕದ್ದು.

ಅ) ವಾಟ: ಸಮತಟ್ಟು ತಾರಸಿ ಎಂದರೆ ಪೂರ್ಣ ಸಮತಟ್ಟಲ್ಲ. ಕನಿಷ್ಠ 100ಕ್ಕೆ 1ರಂತೆ ವಾಟ ಇರಬೇಕು. ಅಂದರೆ 10 ಮೀಟರ್ ಉದ್ದಕ್ಕೆ 10 ಸೆಂ.ಮೀ. ಇಳಿಜಾರು.
ಆ) ಕೊಳವೆ: 100 ಮಿ.ಮೀ. ವ್ಯಾಸದ ಒಂದು ಮಳೆನೀರಿನ ಕೊಳವೆ ಸುಮಾರು 40 ಚದರ ಮೀಟರ್ ತಾರಸಿಗೆ ಎಂಬುದು ರೂಢಿಯ ಲೆಕ್ಕ. 100 ಚದರ ಮೀಟರಿಗೆ ಮೂರು ಕೊಳವೆ ಬೇಕು. ಒಂದೇ ಕೊಳವೆ ಇಟ್ಟರೆ ಒಂದು ಹಿಡಿ ಎಲೆ ಸಾಕು, ತಾರಸಿ ಕೆರೆಯಾಗುತ್ತದೆ.
ಇ) ಸರಳಿನ ಹೊದಿಕೆ: ಕೆಳಗಿನ ಸರಳಿಗೂ ತಾರಸಿಯ ಕೆಳಮೈಗೂ ನಡುವೆ ಕನಿಷ್ಠ 20 ಮಿ.ಮೀ. ಕಾಂಕ್ರೀಟು ಇರಬೇಕು. ಇದಕ್ಕೆ ಕವರ್ ಬ್ಲಾಕ್‌ಗಳನ್ನೇ ಇಡಬೇಕು; ಜಲ್ಲಿ ಕಲ್ಲು ಇಡುವುದು ಸರಿಯಲ್ಲ.
ಈ) ಕೈಪಿಡಿ ಗೋಡೆಯ ಬುಡ: ಹೆಚ್ಚಿನ ಸೋರಿಕೆ ಆರಂಭವಾಗುವುದು ತಾರಸಿ ಮತ್ತು ಕೈಪಿಡಿ ಗೋಡೆ ಸೇರುವ ಮೂಲೆಯಲ್ಲಿ. ಅಲ್ಲಿ ಗಾರೆಯನ್ನು ದುಂಡಾಗಿ ತಿದ್ದಿ, ಜಲನಿರೋಧಕ ಪದರವನ್ನು ಗೋಡೆಯ ಮೇಲೆ ಸುಮಾರು ಒಂದು ಅಡಿಯವರೆಗೆ ಏರಿಸಬೇಕು.
ಉ) ನೀರು ನಿಲ್ಲಿಸಿ ಪರೀಕ್ಷೆ: ಕೊಳವೆಗಳನ್ನು ಮುಚ್ಚಿ ಒಂದೆರಡು ಇಂಚು ನೀರನ್ನು 48 ಗಂಟೆ ನಿಲ್ಲಿಸಿ, ಒಳಗಿನಿಂದ ತೇವ ಕಾಣುತ್ತಿದೆಯೇ ಎಂದು ನೋಡಬೇಕು. ಅಂತಿಮ ಬಿಲ್ಲು ಪಾವತಿಗೆ ಮುನ್ನ ಈ ಪರೀಕ್ಷೆ ನಡೆಯುವುದು ಸೂಕ್ತ.

6. ಬಿಸಿಲಿನಿಂದ ರಕ್ಷಣೆ

ಬರಿಯ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಮೂರನೆಯ ಒಂದು ಭಾಗವನ್ನಷ್ಟೇ ಹಿಂದಿರುಗಿಸುತ್ತದೆ. ಉಳಿದುದನ್ನು ಹೀರಿಕೊಂಡು ಸಂಜೆಯವರೆಗೂ ಕೋಣೆಯೊಳಕ್ಕೆ ಬಿಡುತ್ತದೆ. ಹೊಸದಾಗಿ ಬಳಿದ ಉತ್ತಮ ಬಿಳಿ ಲೇಪನ ಶೇ. 70ರಷ್ಟು ಬಿಸಿಲನ್ನು ಹಿಂದಿರುಗಿಸಬಲ್ಲದು. ಸುಣ್ಣದ ಲೇಪನ ಅಗ್ಗ, ಆದರೆ ಮಳೆಗೆ ತೊಳೆದುಹೋಗುತ್ತದೆ. ಬಿಳಿಯ ಪಿಂಗಾಣಿ ಚೂರುಗಳ ಹಾಸು ದುಬಾರಿ, ಆದರೆ ಬಾಳಿಕೆ ಹೆಚ್ಚು. ಧೂಳು ಕೂತರೆ ಯಾವ ಲೇಪನದ ಗುಣವೂ ಕುಗ್ಗುವುದರಿಂದ ಬೇಸಿಗೆಗೆ ಮುನ್ನ ಒಮ್ಮೆ ತೊಳೆಯಬೇಕು. ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಛಾವಣಿಗಾಗಿಯೇ ಪ್ರತ್ಯೇಕ ನೀತಿಯನ್ನು ಹೊರಡಿಸಿರುವುದು ಇಲ್ಲಿ ಉಲ್ಲೇಖನೀಯ.

ಎರಡನೆಯ ಕ್ರಮ ಶಾಖನಿರೋಧಕ ಪದರ. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ಹೊರತಂದ ಇಕೋ ನಿವಾಸ್ ಸಂಹಿತೆ 2018ರ ಪ್ರಕಾರ ಛಾವಣಿಯ ಶಾಖ ಪ್ರಸರಣ ಪ್ರಮಾಣ 1.2 ಮೀರಬಾರದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಹರಿಯುವ ಶಾಖವನ್ನು ವ್ಯಾಟ್‌ಗಳಲ್ಲಿ ಹೇಳುವ ಅಂಕಿ ಇದು. ಬರಿಯ ಆರ್‌ಸಿಸಿ ತಾರಸಿಯಲ್ಲಿ ಇದು ಸುಮಾರು ಮೂರು ಪಟ್ಟು ಇರುತ್ತದೆ. 40 ಮಿ.ಮೀ. ದಪ್ಪದ ಥರ್ಮೋಕೋಲ್ ಜಾತಿಯ ಗಟ್ಟಿ ಹಲಗೆಯನ್ನು ತಾರಸಿಯ ಮೇಲೆ ಹಾಸಿ ಗಾರೆಯಿಂದ ಮುಚ್ಚಿದರೆ ಈ ಮಿತಿಯೊಳಗೆ ಬರಬಹುದು. ಪದರವು ತಾರಸಿಯ ಮೇಲೆಯೇ ಇರುವುದು ಒಳ್ಳೆಯದು. ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದರೆ ಕೋಣೆಗೆ ನೆರಳಾದೀತು, ಆದರೆ ಕಾಂಕ್ರೀಟು ಹಗಲು ಹಿಗ್ಗಿ ರಾತ್ರಿ ಕುಗ್ಗಿ ಬಿರುಕು ಬಿಡುವುದು ನಿಲ್ಲದು. ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯ ಹಳೆಯ ಹಾಸು ವಾಟವನ್ನೂ ಶಾಖ ತಡೆಯನ್ನೂ ಒಟ್ಟಿಗೆ ಕೊಡುತ್ತದೆ. ಅದರ ತೂಕ ಗಣನೀಯವಾದುದರಿಂದ ವಿನ್ಯಾಸದಲ್ಲಿ ಮೊದಲೇ ಲೆಕ್ಕ ಹಿಡಿಯಬೇಕು. ಹಳೆಯ ತಾರಸಿಯ ಮೇಲೆ ಪದರದ ಮೇಲೆ ಪದರ ಹೇರುವುದು ಅಪಾಯಕರ.

ಹವಾನಿಯಂತ್ರಣವಿಲ್ಲದ ಅಂಗನವಾಡಿಯಲ್ಲಿ ಈ ಕ್ರಮಗಳಿಂದ ವಿದ್ಯುತ್ ಬಿಲ್ಲು ಹೆಚ್ಚೇನೂ ಇಳಿಯುವುದಿಲ್ಲ. ಅಲ್ಲಿನ ಲಾಭ ಮಧ್ಯಾಹ್ನ ಮಕ್ಕಳು ಕುಳಿತುಕೊಳ್ಳಬಲ್ಲ ಕೋಣೆ. ಕಂಪ್ಯೂಟರ್ ಕೊಠಡಿ, ಸಭಾಂಗಣಗಳಲ್ಲಿ ಮಾತ್ರ ಹವಾನಿಯಂತ್ರಣದ ಅಗತ್ಯವನ್ನು ತಪ್ಪಿಸುವ ಅಥವಾ ತಗ್ಗಿಸುವ ಮೂಲಕ ನೇರ ಉಳಿತಾಯವಾಗುತ್ತದೆ.

7. ಸೌರ ಫಲಕ ಮತ್ತು ಮಳೆನೀರು

ಮೂರು ಕಿಲೋವ್ಯಾಟ್ ಸೌರ ಘಟಕಕ್ಕೆ ಸುಮಾರು 30 ಚದರ ಮೀಟರ್ ಜಾಗ ಸಾಕು. ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್‌ನಂತೆ ವರ್ಷಕ್ಕೆ 4,000 ಯೂನಿಟ್ಟಿನಷ್ಟು ದೊರೆಯುತ್ತದೆ. ಜಾಲದ ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದರೆ ವರ್ಷಕ್ಕೆ 2.8 ಟನ್ ತಪ್ಪುತ್ತದೆ. ತಾರಸಿ ಕಟ್ಟುವಾಗ ಹೊರಬಿದ್ದ 6.5 ಟನ್ನಿಗೆ ಸಮನಾದದ್ದು ಮೂರು ವರ್ಷದೊಳಗೆ ತೀರುತ್ತದೆ. ಇದಕ್ಕಾಗಿ ನೀರಿನ ಟ್ಯಾಂಕು, ಮೆಟ್ಟಿಲು ಕೋಣೆಗಳನ್ನು ಉತ್ತರ ಬದಿಗೆ ಇಟ್ಟು ದಕ್ಷಿಣದ ಬಿಸಿಲನ್ನು ತೆರವಾಗಿಡಬೇಕು. ಫಲಕಗಳ ಕಾಲು ನಿಲ್ಲಿಸುವ ಕಾಂಕ್ರೀಟು ಪೀಠಗಳನ್ನು ಜಲನಿರೋಧಕ ಪದರ ಹಾಕುವ ಮುನ್ನವೇ ನಿರ್ಮಿಸಬೇಕು. ನಂತರ ತೂತು ಕೊರೆದರೆ ಸೋರಿಕೆಗೆ ದಾರಿಯಾಗುತ್ತದೆ.

ವಾಟ ಸರಿಯಿರುವ ತಾರಸಿಯಿಂದ ಮಳೆನೀರು ಸಂಗ್ರಹವೂ ಸುಲಭ. 100 ಚದರ ಮೀಟರ್ ಮೇಲೆ 600 ಮಿ.ಮೀ. ಮಳೆಯಾದರೆ, ಐದನೆಯ ಒಂದು ಭಾಗ ನಷ್ಟವೆಂದು ಬಿಟ್ಟರೂ 48,000 ಲೀಟರ್ ನೀರು ದೊರೆಯುತ್ತದೆ.

8. ಅಂದಾಜು ಪಟ್ಟಿ ಮಂಡನೆಯಾದಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1) ತಾರಸಿಯ ದಪ್ಪವೆಷ್ಟು? ಅದನ್ನು ಯಾವ ಲೆಕ್ಕದ ಮೇಲೆ ನಿಗದಿಪಡಿಸಲಾಗಿದೆ?
2) ಯಾವ ಬಗೆಯ ಸಿಮೆಂಟು? ಕ್ಯೂರಿಂಗ್‌ಗೆ ನೀರಿನ ವ್ಯವಸ್ಥೆ ಏನು?
3) ವಾಟ, ಕೊಳವೆಗಳ ಸಂಖ್ಯೆ ಮತ್ತು ಸ್ಥಳ ನಕ್ಷೆಯಲ್ಲಿ ಗುರುತಾಗಿವೆಯೇ?
4) ಜಲನಿರೋಧಕ ಪದರ, ಶಾಖನಿರೋಧಕ ಪದರ ಮತ್ತು ಬಿಳಿ ಲೇಪನಗಳು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತುಗಳಾಗಿ ಸೇರಿವೆಯೇ?
5) ಸೌರ ಫಲಕಕ್ಕೆ ಜಾಗ ಮತ್ತು ಪೀಠಗಳನ್ನು ಕಾಯ್ದಿರಿಸಲಾಗಿದೆಯೇ?
6) ವರ್ಷಕ್ಕೊಮ್ಮೆ ತಾರಸಿ ಸ್ವಚ್ಛಗೊಳಿಸಿ ಪರಿಶೀಲಿಸುವ ಹೊಣೆ ಯಾರದು?

ಈ ಪ್ರಶ್ನೆಗಳು ತಾಂತ್ರಿಕ ಮಂಜೂರಾತಿಗೆ ಮುನ್ನ ಕೇಳಬೇಕಾದವು. ಮೋಲ್ಡ್ ಹಾಕಿದ ಮರುದಿನ ಇವುಗಳಲ್ಲಿ ಅರ್ಧದಷ್ಟಕ್ಕೆ ಅರ್ಥವೇ ಇರುವುದಿಲ್ಲ.

9. ಚರ್ಚೆಗಾಗಿ ಅಭ್ಯಾಸ

ಅ) ಪಂಚಾಯತ್ ವ್ಯಾಪ್ತಿಯ ಒಂದು ಅಂಗನವಾಡಿ ಅಥವಾ ಶಾಲಾ ಕಟ್ಟಡವನ್ನು ಆಯ್ದು, ತಾರಸಿಯ ಉದ್ದ, ಅಗಲ, ದಪ್ಪಗಳನ್ನು ಅಳೆದು, 3ನೆಯ ಭಾಗದ ರೀತಿಯಲ್ಲಿ ಅದರ ಇಂಗಾಲದ ಹೊರೆಯನ್ನು ಲೆಕ್ಕ ಹಾಕಿರಿ.
ಆ) ಮಳೆ ನಿಂತ ಒಂದು ಗಂಟೆಯ ನಂತರ ಅದೇ ತಾರಸಿಯನ್ನು ಹತ್ತಿ, ನೀರು ಎಲ್ಲೆಲ್ಲಿ ನಿಂತಿದೆ ಎಂಬುದನ್ನು ಕಾಗದದ ಮೇಲೆ ಗುರುತಿಸಿರಿ.
ಇ) ಆ ಟಿಪ್ಪಣಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ, ದುರಸ್ತಿಯ ಅಗತ್ಯವಿದ್ದಲ್ಲಿ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯ ‘ಸ್ವಚ್ಛ ಮತ್ತು ಹಸಿರು ಗ್ರಾಮ’ ವಿಷಯದಡಿ ಸೇರಿಸುವ ಬಗ್ಗೆ ಚರ್ಚಿಸಿರಿ.